ಹೃದಯ ವೈಫಲ್ಯದ ಹೊಟ್ಟೆನೀರಿಗೆ ಸೋಂಕು ತಗುಲಿದಾಗ: ಲಿವರ್ ಲೆಕ್ಕದಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು

ಹೃದಯ ವೈಫಲ್ಯದ ರೋಗಿ. ಹೊಟ್ಟೆಯಲ್ಲಿ ತಿಂಗಳುಗಳಿಂದ ನೀರು ನಿಂತಿದೆ. ಈಗ ಎರಡು ದಿನದಿಂದ ಹೊಟ್ಟೆನೋವು, ಮೈ ಸ್ವಲ್ಪ ಬೆಚ್ಚಗಿದೆ, ಲ್ಯಾಸಿಕ್ಸ್ ಇಂಜೆಕ್ಷನ್ ಕೊಟ್ಟರೂ ಮೂತ್ರ ಇಳಿಯುತ್ತಿಲ್ಲ. ಆ ನೀರಿಗೆ ಸೋಂಕು ತಗುಲಿದೆಯೇ? ತಗುಲಿದ್ದರೆ ತಾನಾಗಿ ಬಂದ ಸೋಂಕೇ, ಕರುಳು ತೂತಾಗಿ ಬಂದದ್ದೇ, ಕ್ಷಯವೇ? ಅಥವಾ ಹೃದಯವೇ ಇನ್ನಷ್ಟು ಸೋತು ಲಿವರ್ ಊದಿ ನೋಯುತ್ತಿದೆಯೇ? ನಾಲ್ಕಕ್ಕೂ ಚಿಕಿತ್ಸೆ ಬೇರೆ. ಒಂದಕ್ಕೆ ಕೊಡಬೇಕಾದದ್ದನ್ನು ಇನ್ನೊಂದಕ್ಕೆ ಕೊಟ್ಟರೆ ಜೀವಕ್ಕೇ ಕುತ್ತು.

ತೊಡಕು ಶುರುವಾಗುವುದು ಇಲ್ಲಿಂದ: ಹೊಟ್ಟೆನೀರಿನ ಸೋಂಕಿನ ಬಗ್ಗೆ ನಮ್ಮ ಕೈಯಲ್ಲಿರುವ ಅಂಕಿಗಳು, ಡೋಸ್‌ಗಳು, ನಿಯಮಗಳು ಬಹುಪಾಲು ಸಿರೋಸಿಸ್ (ಗಾಯದ ಕಲೆ ಕಟ್ಟಿ ಲಿವರ್ ಗಟ್ಟಿಯಾಗುವ ಕಾಯಿಲೆ) ರೋಗಿಗಳ ಅಧ್ಯಯನದಿಂದ ಬಂದವು. ಹೃದಯದಿಂದ ಬಂದ ನೀರಿನಲ್ಲಿ ಸೋಂಕು ಅಪರೂಪ, ಅದರ ಬಗ್ಗೆ ಇರುವುದು ಬಿಡಿ ಬಿಡಿ ರೋಗಿಗಳ ವರದಿಗಳು. ಹಾಗಾಗಿ ವಾರ್ಡಿನಲ್ಲಿ ಲಿವರ್ ರೋಗಿಯ ಅಳತೆಗೋಲನ್ನೇ ಹೃದಯದ ರೋಗಿಗೂ ಹಿಡಿಯುತ್ತಾರೆ. ಕೆಲವು ಅಳತೆ ಇಲ್ಲಿಯೂ ಸರಿ ಕೂರುತ್ತವೆ. ಕೆಲವು ದಾರಿ ತಪ್ಪಿಸುತ್ತವೆ. ಯಾವುದು ಯಾವುದು ಎಂದು ಬಿಡಿಸಿ ಹೇಳಲು ಈ ಬರಹ. ಡ್ಯೂಟಿ ಡಾಕ್ಟರು, ನರ್ಸ್, ಲ್ಯಾಬಿನವರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇವೆ. ಮನೆಯವರು ಓದಿದರೆ ಯಾವ ಪ್ರಶ್ನೆ ಕೇಳಬೇಕೆಂದು ತಿಳಿಯುತ್ತದೆ. ಆದರೆ ಇದನ್ನು ಓದಿ ಮನೆಯಲ್ಲೇ ಮಾತ್ರೆ ಹೆಚ್ಚುಕಡಿಮೆ ಮಾಡಬಾರದು.

ಹೃದಯದ ನೀರು, ಲಿವರಿನ ನೀರು

ಲಿವರಿನೊಳಗಿನ ಅತಿ ಸಣ್ಣ ರಕ್ತನಾಳಗಳ ಗೋಡೆ ಜರಡಿಯಂತೆ ತೂತುತೂತು. ಹೃದಯದ ಬಲಭಾಗ ಸೋತಾಗ ರಕ್ತ ಹಿಂದಕ್ಕೆ ಒತ್ತಿ ಲಿವರಿನಲ್ಲಿ ಕಟ್ಟಿಕೊಳ್ಳುತ್ತದೆ. ಆ ಜರಡಿಯಿಂದ ಪ್ರೋಟೀನ್ ತುಂಬಿದ ದ್ರವ ಜಿನುಗಿ ಹೊಟ್ಟೆಗೆ ಇಳಿಯುತ್ತದೆ. ಸಿರೋಸಿಸ್‌ನಲ್ಲಿ ಒತ್ತಡ ಇದ್ದೇ ಇದೆ, ಆದರೆ ಗಾಯದ ಕಲೆ ಕಟ್ಟಿ ಜರಡಿಯ ತೂತು ಮುಚ್ಚಿಹೋಗಿರುತ್ತದೆ. ನೀರು ಬರುತ್ತದೆ, ಪ್ರೋಟೀನ್ ಹಿಂದೆಯೇ ಉಳಿಯುತ್ತದೆ.

ಇದರಿಂದ ಒಂದು ಸರಳ ಹೋಲಿಕೆ ಸಿಗುತ್ತದೆ. ಒಂದೇ ದಿನ ತೆಗೆದ ರಕ್ತದ ಆಲ್ಬುಮಿನ್‌ನಿಂದ ಹೊಟ್ಟೆನೀರಿನ ಆಲ್ಬುಮಿನ್ ಕಳೆಯಿರಿ. ಉತ್ತರ 1.1 ಗ್ರಾಂ/ಡೆಸಿಲೀಟರ್ ಅಥವಾ ಹೆಚ್ಚಿದ್ದರೆ ಒತ್ತಡದಿಂದ ಬಂದ ನೀರು. ಈ ಲೆಕ್ಕಕ್ಕೆ ಸಾಗ್ ಎನ್ನುತ್ತಾರೆ. ಹೃದಯ, ಸಿರೋಸಿಸ್ ಎರಡರಲ್ಲೂ ಇದು ಹೆಚ್ಚೇ. ಎರಡನ್ನೂ ಬೇರೆ ಮಾಡುವುದು ನೀರಿನ ಒಟ್ಟು ಪ್ರೋಟೀನ್: 2.5 ಅಥವಾ ಹೆಚ್ಚಿದ್ದರೆ ಹೃದಯದ ಕಡೆಗೆ, 2.5ಕ್ಕಿಂತ ಕಡಿಮೆ ಇದ್ದರೆ ಸಿರೋಸಿಸ್ ಕಡೆಗೆ.

ಈ ಪ್ರೋಟೀನ್‌ನಲ್ಲಿ ಆಲ್ಬುಮಿನ್ ಒಂದೇ ಇರುವುದಿಲ್ಲ. ಬ್ಯಾಕ್ಟೀರಿಯಾದ ಮೈಗೆ ಅಂಟಿಕೊಂಡು ಬಿಳಿರಕ್ತಕಣಗಳಿಗೆ ಹಿಡಿದುಕೊಡುವ ಕಾಂಪ್ಲಿಮೆಂಟ್, ಇಮ್ಯುನೊಗ್ಲಾಬ್ಯುಲಿನ್‌ಗಳೂ ಇರುತ್ತವೆ. ಅದಕ್ಕೇ ಹೃದಯದ ನೀರು ಸುಲಭಕ್ಕೆ ಕೆಡುವುದಿಲ್ಲ. ಸಿರೋಸಿಸ್‌ನಲ್ಲಿ ನೀರಿನ ಪ್ರೋಟೀನ್ 1ಕ್ಕಿಂತ ಕೆಳಗಿಳಿದವರಿಗೆ ಸೋಂಕಿನ ಅಪಾಯ ಬಹಳ ಹೆಚ್ಚು.

ಹಾಗಾದರೆ ಹೃದಯದ ರೋಗಿಗೆ ಈ ಕಾವಲು ಯಾವಾಗ ಕಳಚುತ್ತದೆ? ವರ್ಷಗಟ್ಟಲೆ ರಕ್ತ ಕಟ್ಟಿ ಲಿವರ್ ಗಟ್ಟಿಯಾದಾಗ. ಕರುಳಿನಿಂದ ಪ್ರೋಟೀನ್ ಸೋರಿಹೋಗುವಾಗ. ಹೃದಯದ ಹೊರಪೊರೆ ಗಟ್ಟಿಯಾಗಿ ಹೃದಯವನ್ನು ಬಿಗಿಹಿಡಿದವರಲ್ಲಿ, ಹುಟ್ಟು ಹೃದಯರೋಗಕ್ಕೆ ಫಾಂಟಾನ್ ಶಸ್ತ್ರಚಿಕಿತ್ಸೆ ಆದವರಲ್ಲಿ ಇದನ್ನು ಹುಡುಕಿ ನೋಡಬೇಕು. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದಾಗ. ಊಟ ಬಿಟ್ಟು ಸೊರಗಿದಾಗ. ಇಂಥವರ ನೀರಿನ ಪ್ರೋಟೀನ್ 1.5ಕ್ಕಿಂತ ಕೆಳಗಿದ್ದರೆ ಹೃದಯದ ರೋಗಿ ಎಂಬ ಹಣೆಪಟ್ಟಿ ಮರೆತು, ಸೋಂಕಿನ ಮಟ್ಟಿಗೆ ಸಿರೋಸಿಸ್ ರೋಗಿಯಷ್ಟೇ ಎಚ್ಚರದಿಂದ ನೋಡಿ.

ನೀರು ತೆಗೆಯದೆ ಹೋಲಿಕೆಯೇ ಇಲ್ಲ

ಜ್ವರ ಇಲ್ಲ, ಹೊಟ್ಟೆ ಗಟ್ಟಿಯಾಗಿಲ್ಲ, ಆದ್ದರಿಂದ ಸೋಂಕಿಲ್ಲ ಎಂಬುದು ನಂಬಲಾಗದ ತರ್ಕ. ಪೊರೆಗಳ ನಡುವೆ ನೀರು ತುಂಬಿರುವುದರಿಂದ ಹೊಟ್ಟೆ ಹಲಗೆಯಂತಾಗುವುದೇ ಇಲ್ಲ. ಕಾರಣವಿಲ್ಲದೆ ಬಿಪಿ ಬೀಳುವುದು, ರಕ್ತದ ಕ್ರಿಯಾಟಿನಿನ್ (ಮೂತ್ರಪಿಂಡ ಸೋತರೆ ಹೆಚ್ಚುವ ಅಂಶ) ಏರುವುದು, ರೋಗಿ ಮಂಕಾಗುವುದು, ಕರುಳು ಸ್ತಬ್ಧವಾಗುವುದು, ನಿನ್ನೆಯವರೆಗೆ ಕೆಲಸ ಮಾಡಿದ ಮೂತ್ರದ ಇಂಜೆಕ್ಷನ್ ಇಂದು ಕೈಕೊಡುವುದು, ಇಷ್ಟರಲ್ಲಿ ಒಂದಿದ್ದರೂ ನೀರಿನ ಸ್ಯಾಂಪಲ್ ಬೇಕು. ಸಿರೋಸಿಸ್ ರೋಗಿಗಳಲ್ಲಿ ಸ್ಯಾಂಪಲ್ ತೆಗೆಯಲು 12 ಗಂಟೆಗಿಂತ ತಡವಾದರೆ ಸಾವು ಹೆಚ್ಚೆಂದು ಕಂಡುಬಂದಿದೆ. ಈ ನಿಯಮವನ್ನು ಹೃದಯದ ರೋಗಿಗೂ ಹಾಗೆಯೇ ಇಟ್ಟುಕೊಳ್ಳಿ.

ಹೃದಯದ ರೋಗಿಯಲ್ಲಿ ಕೈಹಿಡಿದು ನಿಲ್ಲಿಸುವುದು ಎರಡು ಸಂಗತಿ. ಒಂದು, ಅವರಿಗೆ ಚಪ್ಪಟೆ ಮಲಗಲು ಆಗುವುದಿಲ್ಲ, ಉಸಿರು ಕಟ್ಟುತ್ತದೆ. ಮಲಗಿಸುವ ಅಗತ್ಯವೂ ಇಲ್ಲ. ತಲೆಯ ಕಡೆ 30ರಿಂದ 45 ಡಿಗ್ರಿ ಏರಿಸಿ, ಎಡಕ್ಕೆ ಸ್ವಲ್ಪ ವಾಲಿಸಿದರೆ ನೀರು ಕೆಳಹೊಟ್ಟೆಗೆ ಬಂದು ನಿಂತು ಕೆಲಸ ಸುಲಭವಾಗುತ್ತದೆ. ಎರಡು, ರಕ್ತ ತೆಳುವಾಗಿಸುವ ಮಾತ್ರೆ. ಕೃತಕ ಕವಾಟ ಇರುವವರು ಅಸಿಟ್ರೋಮ್ ಅಥವಾ ವಾರ್ಫರಿನ್ ಮೇಲಿರುತ್ತಾರೆ. ಸಣ್ಣ ಸೂಜಿಯಿಂದ ಸ್ಯಾಂಪಲ್ ತೆಗೆಯುವುದು ರಕ್ತಸ್ರಾವದ ಅಪಾಯ ಕಡಿಮೆ ಇರುವ ಕೆಲಸ. ಐಎನ್‌ಆರ್ (ರಕ್ತ ಎಷ್ಟು ನಿಧಾನಕ್ಕೆ ಹೆಪ್ಪುಗಟ್ಟುತ್ತದೆ ಎಂಬ ಅಳತೆ) 3ರ ಒಳಗಿದ್ದರೆ ಸಾಮಾನ್ಯವಾಗಿ ಮಾತ್ರೆ ನಿಲ್ಲಿಸದೆಯೇ ಮಾಡುತ್ತಾರೆ. ಸ್ಯಾಂಪಲ್‌ಗೋಸ್ಕರ ಮಾತ್ರೆ ನಿಲ್ಲಿಸಿ ನಾಲ್ಕು ದಿನ ಕಾದರೆ ಅತ್ತ ಸೋಂಕು ಬಲಿಯುತ್ತದೆ, ಇತ್ತ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ. ಕವಾಟದ ರೋಗಿಗೆ ವಿಟಮಿನ್ ಕೆ ಚುಚ್ಚುವುದಂತೂ ಹೃದ್ರೋಗ ತಜ್ಞರನ್ನು ಕೇಳದೆ ಕೂಡದು.

ಜಾಗ: ಎಡಗಡೆ ಸೊಂಟದ ಮೂಳೆಯ ಮುಂತುದಿಯಿಂದ ಸುಮಾರು 3 ಸೆಂ.ಮೀ. ಒಳಕ್ಕೆ, 3 ಸೆಂ.ಮೀ. ಮೇಲಕ್ಕೆ. ಹೊಟ್ಟೆಯ ನೇರ ಸ್ನಾಯುವಿನ ಅಂಚಿಗೆ ಹೋಗಬೇಡಿ, ಅಲ್ಲಿ ದಪ್ಪ ರಕ್ತನಾಳ ಓಡುತ್ತದೆ. ಹೃದಯದ ರೋಗಿಯಲ್ಲಿ ಲಿವರ್ ಬಹಳ ಕೆಳಗೆ ಇಳಿದಿರಬಹುದು, ಹೊಟ್ಟೆಯ ಚರ್ಮದ ಮೇಲೆ ಉಬ್ಬಿದ ಸಿರೆಗಳಿರಬಹುದು; ಅಲ್ಟ್ರಾಸೌಂಡ್ ಇಟ್ಟು ಗುರುತು ಹಾಕಿದ ಜಾಗದಲ್ಲೇ ಚುಚ್ಚಿ. ಮೊದಲು ಮೂತ್ರ ಮಾಡಿಸಿ. 22 ಗೇಜ್ ಸೂಜಿ ಸಾಕು. ಚರ್ಮವನ್ನು 2 ಸೆಂ.ಮೀ. ಕೆಳಕ್ಕೆ ಎಳೆದು ಹಿಡಿದು ಚುಚ್ಚಿದರೆ, ಸೂಜಿ ತೆಗೆದ ಮೇಲೆ ದಾರಿ ಓರೆಯಾಗಿ ನೀರು ಸೋರುವುದಿಲ್ಲ.

ತೆಗೆದ ನೀರನ್ನು ಹಂಚುವುದರಲ್ಲೇ ಅರ್ಧ ರೋಗನಿರ್ಣಯ ಕೆಡುತ್ತದೆ. 50 ಮಿ.ಲೀ. ತೆಗೆದರೆ ಎಲ್ಲಕ್ಕೂ ಸಾಲುತ್ತದೆ. ಮೊದಲು ಬ್ಲಡ್ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ) ಬಾಟ್ಲಿಗಳ ರಬ್ಬರ್ ಮುಚ್ಚಳವನ್ನು ಸ್ಪಿರಿಟ್‌ನಲ್ಲಿ ಒರೆಸಿ, ಒಣಗಲು ಬಿಟ್ಟು, ಹೊಸ ಸೂಜಿ ಹಾಕಿ, ಎರಡು ಬಾಟ್ಲಿಗೆ ತಲಾ 10 ಮಿ.ಲೀ. ಹಾಸಿಗೆಯ ಪಕ್ಕದಲ್ಲೇ ಹಾಕಿ. ನೀರನ್ನು ಬರಿಯ ಸ್ಟೆರೈಲ್ ಡಬ್ಬಿಯಲ್ಲಿ ಲ್ಯಾಬಿಗೆ ಕಳಿಸಿ ಅಲ್ಲಿ ತಟ್ಟೆಗೆ ಹಚ್ಚಿದರೆ ಸೋಂಕಿದ್ದವರಲ್ಲೂ ಅರ್ಧದಷ್ಟು ಜನರಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಹಾಸಿಗೆ ಪಕ್ಕದ ಬಾಟ್ಲಿಯಲ್ಲಿ ಸುಮಾರು ನೂರಕ್ಕೆ ಎಂಬತ್ತು ಬೆಳೆಯುತ್ತದೆ. ಈ ನೀರಿನಲ್ಲಿ ಬ್ಯಾಕ್ಟೀರಿಯಾ ಇರುವುದೇ ಅತಿ ವಿರಳ, ಆದ್ದರಿಂದ ಹೆಚ್ಚು ನೀರು, ಬೇಗ ಬಾಟ್ಲಿಗೆ ಎಂಬುದು ಮುಖ್ಯ. ಇದೆಲ್ಲ ಆಂಟಿಬಯೋಟಿಕ್‌ನ ಮೊದಲ ಡೋಸ್‌ಗೆ ಮುಂಚೆ. ಆಮೇಲೆ ಸೆಲ್ ಕೌಂಟ್‌ಗೆ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬು. ಬರಿ ಟ್ಯೂಬಿನಲ್ಲಿ ಕಳಿಸಿದರೆ ಪ್ರೋಟೀನ್ ಹೆಚ್ಚಿರುವ ಹೃದಯದ ನೀರು ಸಣ್ಣ ಗಂಟು ಕಟ್ಟುತ್ತದೆ, ಕಣಗಳು ಆ ಗಂಟಿನಲ್ಲಿ ಸಿಕ್ಕಿ ಕೌಂಟ್ ಸುಳ್ಳೇ ಕಡಿಮೆ ಬರುತ್ತದೆ. ಉಳಿದದ್ದು ಪ್ರೋಟೀನ್, ಆಲ್ಬುಮಿನ್, ಗ್ಲೂಕೋಸ್, ಎಲ್‌ಡಿಎಚ್ (ಜೀವಕೋಶ ಹಾಳಾದಾಗ ಏರುವ ಕಿಣ್ವ), ಎಡಿಎಗೆ (ಕ್ಷಯದಲ್ಲಿ ಏರುವ ಕಿಣ್ವ). ಜೊತೆಯಲ್ಲೇ ರಕ್ತದ ಆಲ್ಬುಮಿನ್, ಗ್ಲೂಕೋಸ್, ಎಲ್‌ಡಿಎಚ್, ಬ್ಲಡ್ ಕಲ್ಚರ್.

ರಕ್ತ ಬೆರೆತ ನೀರಿನ ಲೆಕ್ಕ

ನ್ಯೂಟ್ರೋಫಿಲ್ (ಬ್ಯಾಕ್ಟೀರಿಯಾ ಬಂದಾಗ ಮೊದಲು ಧಾವಿಸುವ ಬಿಳಿಕಣ) ಒಂದು ಘನ ಮಿಲಿಮೀಟರಿಗೆ 250 ಅಥವಾ ಹೆಚ್ಚು ಇದ್ದರೆ ಸೋಂಕೆಂದು ಭಾವಿಸಿ ಚಿಕಿತ್ಸೆ ಶುರು. ಈ ಗೆರೆಯನ್ನು ಹೃದಯದ ರೋಗಿಗೂ ಇಟ್ಟುಕೊಳ್ಳಬೇಕು. ಆದರೆ ಹೃದಯದ ನೀರಿನಲ್ಲಿ ಕೆಂಪುಕಣ ಹೆಚ್ಚಾಗಿರುವುದು ಸಾಮಾನ್ಯ. ಊದಿದ ಲಿವರಿನಿಂದ ರಕ್ತವೂ ಜಿನುಗುತ್ತದೆ, ಮೇಲೆ ರಕ್ತ ತೆಳುವಾಗಿಸುವ ಮಾತ್ರೆ. ರಕ್ತದ ಜೊತೆ ಬಂದ ನ್ಯೂಟ್ರೋಫಿಲ್ ಸೋಂಕಿನದ್ದಲ್ಲ. ಅದಕ್ಕೆ ಪ್ರತಿ 250 ಕೆಂಪುಕಣಕ್ಕೆ 1 ನ್ಯೂಟ್ರೋಫಿಲ್ ಕಳೆಯಬೇಕು.

ಒಂದು ರಿಪೋರ್ಟ್ ಬಂದಿದೆ ಅನ್ನಿ: ಒಟ್ಟು ಬಿಳಿಕಣ 900, ಅದರಲ್ಲಿ ನ್ಯೂಟ್ರೋಫಿಲ್ 50 ಶೇಕಡ, ಕೆಂಪುಕಣ 60,000. ಮೇಲ್ನೋಟಕ್ಕೆ ನ್ಯೂಟ್ರೋಫಿಲ್ 450, ಸೋಂಕು ಖಚಿತ. ಕೆಂಪುಕಣದ ಪಾಲು 60,000 ಭಾಗಿಸು 250, ಅಂದರೆ 240. ಕಳೆದರೆ ಉಳಿದದ್ದು 210. ಗೆರೆಯ ಕೆಳಗೆ. ರೋಗಿ ಚೆನ್ನಾಗಿದ್ದರೆ ಕಲ್ಚರ್‌ಗೆ ಕಾದು 24 ಗಂಟೆಯಲ್ಲಿ ಮತ್ತೆ ಸ್ಯಾಂಪಲ್ ತೆಗೆಯಬಹುದು. ಬಿಪಿ ಬಿದ್ದಿದ್ದರೆ, ಜ್ವರವಿದ್ದರೆ 210 ಎಂಬ ಅಂಕಿಯನ್ನು ಹಿಡಿದು ಕೂರುವುದು ಬೇಡ, ಔಷಧ ಶುರು ಮಾಡಿ.

ಇನ್ನೊಂದು ಗೊಂದಲ ಮೂತ್ರದ ಇಂಜೆಕ್ಷನ್‌ನಿಂದ ಬರುತ್ತದೆ. ನೀರು ಬೇಗ ಇಳಿದಾಗ ಉಳಿದ ನೀರು ಗಟ್ಟಿಯಾಗಿ ಒಟ್ಟು ಬಿಳಿಕಣ 500ರಿಂದ 1,000 ದಾಟುವುದೂ ಉಂಟು. ಆದರೆ ಹಾಗೆ ಏರುವುದು ಲಿಂಫೋಸೈಟ್ ಎಂಬ ಇನ್ನೊಂದು ಬಗೆಯ ಬಿಳಿಕಣ. ನ್ಯೂಟ್ರೋಫಿಲ್‌ಗೆ ಆಯಸ್ಸು ಕೆಲವೇ ಗಂಟೆ, ಅದು ಕೂಡಿಕೊಳ್ಳುವುದಿಲ್ಲ. ಹೀಗಾಗಿ ಒಟ್ಟು ಸಂಖ್ಯೆ ನೋಡಿ ಗಾಬರಿಯಾಗದೆ ಡಿಫರೆನ್ಷಿಯಲ್ (ಯಾವ ಬಗೆಯ ಬಿಳಿಕಣ ಎಷ್ಟು ಎಂಬ ಲೆಕ್ಕ) ಕೇಳಿ. ಡಿಫರೆನ್ಷಿಯಲ್ ಇಲ್ಲದ ಸೆಲ್ ಕೌಂಟ್ ಈ ರೋಗಿಗೆ ಉಪಯೋಗಕ್ಕೆ ಬಾರದು.

ನಾಲ್ಕನ್ನು ಪಕ್ಕಪಕ್ಕ ಇಟ್ಟರೆ

| | ಸೋಂಕಿಲ್ಲದ ಹೃದಯದ ನೀರು | ತಾನಾಗಿ ಬಂದ ಸೋಂಕು (ಎಸ್‌ಬಿಪಿ) | ಕರುಳು ತೂತು, ಕೊಳೆತ, ಕೀವಿನ ಗಡ್ಡೆ | ಕ್ಷಯ |
|---|---|---|---|---|
| ನ್ಯೂಟ್ರೋಫಿಲ್ | 250ಕ್ಕಿಂತ ಕಡಿಮೆ | 250 ಅಥವಾ ಹೆಚ್ಚು | ಹಲವು ಸಾವಿರ ಇರಬಹುದು | ಸಾಮಾನ್ಯವಾಗಿ ಲಿಂಫೋಸೈಟ್ ಹೆಚ್ಚು |
| ಸಾಗ್ | 1.1 ಅಥವಾ ಹೆಚ್ಚು | 1.1 ಅಥವಾ ಹೆಚ್ಚು | ಮೂಲ ರೋಗದಂತೆ | 1.1ಕ್ಕಿಂತ ಕಡಿಮೆ, ಹೃದಯರೋಗ ಜೊತೆಗಿದ್ದರೆ ಹೆಚ್ಚಿರಬಹುದು |
| ಗ್ಲೂಕೋಸ್ | ರಕ್ತದಷ್ಟೇ | ಹೆಚ್ಚಾಗಿ 50ರ ಮೇಲೆ | 50ರ ಕೆಳಗೆ | ಕಡಿಮೆ ಇರಬಹುದು |
| ಬ್ಯಾಕ್ಟೀರಿಯಾ | ಇಲ್ಲ | ಒಂದೇ ಬಗೆ | ಎರಡು ಮೂರು ಬಗೆ | ಮಾಮೂಲಿ ಕಲ್ಚರಿನಲ್ಲಿ ಇಲ್ಲ |

ಈ ಪಟ್ಟಿಯಲ್ಲಿ ಪ್ರೋಟೀನ್ ಸಾಲನ್ನು ಬೇಕೆಂದೇ ಬಿಟ್ಟಿದ್ದೇವೆ. ಎಸ್‌ಬಿಪಿಯನ್ನೂ ಕರುಳು ತೂತಾದ ಸೋಂಕನ್ನೂ ಬೇರೆ ಮಾಡಲು ಸಿರೋಸಿಸ್ ರೋಗಿಗೆ ಮೂರು ಅಂಶ ನೋಡುತ್ತಾರೆ: ನೀರಿನ ಪ್ರೋಟೀನ್ 1ಕ್ಕಿಂತ ಹೆಚ್ಚು, ಗ್ಲೂಕೋಸ್ 50ಕ್ಕಿಂತ ಕಡಿಮೆ, ಎಲ್‌ಡಿಎಚ್ ರಕ್ತದ ಸಾಮಾನ್ಯ ಮಿತಿಗಿಂತ ಹೆಚ್ಚು. ಮೂರರಲ್ಲಿ ಎರಡಿದ್ದರೆ ಸರ್ಜನ್ ಕರೆಸು ಎಂಬುದು ನಿಯಮ. ಹೃದಯದ ನೀರಿನಲ್ಲಿ ಪ್ರೋಟೀನ್ ಮೊದಲಿಂದಲೇ 2.5, 3, 4. ಅಂದರೆ ಏನೂ ಆಗದಿದ್ದರೂ ಒಂದು ಅಂಕ ಅವರಿಗೆ ಪುಕ್ಕಟೆ ಸಿಕ್ಕಿಬಿಟ್ಟಿದೆ. ಮೇಲೆ ಎಲ್‌ಡಿಎಚ್ ತುಸು ಏರಿದರೂ ಸಾಕು, ಪೇಪರಿನ ಮೇಲೆ ಕರುಳು ತೂತು. ಸೋತ ಹೃದಯದ ರೋಗಿಯನ್ನು ಇಷ್ಟರ ಮೇಲೆ ಆಪರೇಷನ್ ಟೇಬಲ್‌ಗೆ ಒಯ್ಯುವುದು ದೊಡ್ಡ ತಪ್ಪು. ಹೃದಯದ ರೋಗಿಯಲ್ಲಿ ಪ್ರೋಟೀನ್ ಅಂಶವನ್ನು ಲೆಕ್ಕದಿಂದ ತೆಗೆದುಬಿಡಿ. ಗ್ಲೂಕೋಸ್, ಗ್ರಾಮ್ ಬಣ್ಣದಲ್ಲಿ ಹಲವು ಬಗೆಯ ಬ್ಯಾಕ್ಟೀರಿಯಾ, ನೀರಿನ ಸಿಇಎ 5ಕ್ಕಿಂತ ಅಥವಾ ಆಲ್ಕಲೈನ್ ಫಾಸ್ಫಟೇಸ್ 240ಕ್ಕಿಂತ ಹೆಚ್ಚಿರುವುದು, ಇವನ್ನು ನೆಚ್ಚಿ. ಅನುಮಾನ ನಿಂತರೆ ಸಿಟಿ ಸ್ಕ್ಯಾನ್.

ಆದರೆ ಉಲ್ಟಾ ತಪ್ಪು ಇನ್ನೂ ಕೆಟ್ಟದ್ದು. ಹೃದಯದ ರೋಗಿಗೆ ಕರುಳಿಗೆ ರಕ್ತ ನಿಲ್ಲುವ ಅಪಾಯ ಉಳಿದವರಿಗಿಂತ ಹೆಚ್ಚು. ಏಟ್ರಿಯಲ್ ಫಿಬ್ರಿಲೇಷನ್ (ಹೃದಯದ ಮೇಲಿನ ಕೋಣೆಗಳ ತಾಳತಪ್ಪಿದ ಬಡಿತ) ಇದ್ದವರಲ್ಲಿ ಹೃದಯದಿಂದ ಹೆಪ್ಪು ಹಾರಿ ಕರುಳಿನ ರಕ್ತನಾಳ ಮುಚ್ಚಬಹುದು. ಪಂಪಿಂಗ್ ಕುಸಿದಾಗ ಹೆಪ್ಪೇ ಇಲ್ಲದೆಯೂ ಕರುಳು ಒಣಗಬಹುದು. ಗುರುತು ಒಂದೇ: ರೋಗಿ ನೋವಿನಿಂದ ಹೊರಳಾಡುತ್ತಾರೆ, ಹೊಟ್ಟೆ ಮುಟ್ಟಿದರೆ ಮೆತ್ತಗಿದೆ. ಐಎನ್‌ಆರ್ ಕಡಿಮೆಯಾಗಿದ್ದ ರೋಗಿಯಲ್ಲಿ ಹೀಗಾದರೆ ನೀರಿನ ರಿಪೋರ್ಟ್‌ಗೆ ಕಾಯದೆ ರಕ್ತನಾಳ ತೋರಿಸುವ ಸಿಟಿ ಆಂಜಿಯೋಗ್ರಾಂ ಮಾಡಿಸಬೇಕು. ಗಂಟೆಗಳ ಲೆಕ್ಕ ಅದು.

ಅಲ್ಟ್ರಾಸೌಂಡಿನಲ್ಲಿ ಪಿತ್ತಕೋಶದ ಗೋಡೆ ದಪ್ಪಗಾಗಿದೆ ಎಂದು ಬರೆದುಬಂದರೆ ಅದನ್ನು ಪಿತ್ತಕೋಶದ ಸೋಂಕೆಂದು ಹಿಡಿಯಬೇಡಿ. ಹೃದಯ ವೈಫಲ್ಯದಲ್ಲಿ ಆ ಗೋಡೆ ನೀರು ಕುಡಿದು ದಪ್ಪಗಾಗುತ್ತದೆ. ಬಲ ಪಕ್ಕೆಲುಬಿನ ಕೆಳಗಿನ ನೋವು ಊದಿದ ಲಿವರಿನ ಪೊರೆ ಬಿಗಿದದ್ದೂ ಆಗಿರಬಹುದು.

ಕಲ್ಚರಿನಲ್ಲಿ ಬ್ಯಾಕ್ಟೀರಿಯಾ ಬೆಳೆದಿದೆ, ನ್ಯೂಟ್ರೋಫಿಲ್ ಮಾತ್ರ 250ರ ಕೆಳಗೆ: ಲಕ್ಷಣವಿದ್ದರೆ ಚಿಕಿತ್ಸೆ, ಇಲ್ಲವಾದರೆ ಮತ್ತೊಮ್ಮೆ ಸ್ಯಾಂಪಲ್. ಬೆಳೆದದ್ದು ಚರ್ಮದ ಸಾಧಾರಣ ಸ್ಟ್ಯಾಫಿಲೊಕಾಕಸ್, ಅದೂ ಒಂದೇ ಬಾಟ್ಲಿಯಲ್ಲಿ ಆದರೆ ಬಹುಮಟ್ಟಿಗೆ ಸೂಜಿಯ ಜೊತೆ ಹೋದದ್ದು. ಕೃತಕ ಕವಾಟ, ಪೇಸ್‌ಮೇಕರ್ ಇರುವವರಲ್ಲಿ ಮಾತ್ರ ಅದನ್ನೂ ಹಗುರಾಗಿ ಕಾಣದೆ ಬ್ಲಡ್ ಕಲ್ಚರ್ ಹೋಲಿಸಿ. ಹೊಟ್ಟೆನೀರು, ರಕ್ತ ಎರಡರಲ್ಲೂ ಅದೇ ಬೆಳೆದಿದ್ದರೆ ಕವಾಟಕ್ಕೆ ಎಕೋ ಮಾಡಿಸಿ.

ಯಾವ ಆಂಟಿಬಯೋಟಿಕ್

ಎಸ್‌ಬಿಪಿ ತರುವುದು ಹೆಚ್ಚಾಗಿ ಇ. ಕೋಲಿ, ಕ್ಲೆಬ್ಸಿಯೆಲ್ಲಾ, ಸ್ಟ್ರೆಪ್ಟೊಕಾಕಸ್. ಮನೆಯಿಂದ ಬಂದ, ಇತ್ತೀಚೆಗೆ ಆಸ್ಪತ್ರೆ ಸೇರಿರದ ರೋಗಿಗೆ ಸೆಫೊಟ್ಯಾಕ್ಸಿಮ್ 2 ಗ್ರಾಂ 8 ಗಂಟೆಗೊಮ್ಮೆ, ಅಥವಾ ಸೆಫ್ಟ್ರಿಯಾಕ್ಸೋನ್ ದಿನಕ್ಕೆ 1ರಿಂದ 2 ಗ್ರಾಂ. 5ರಿಂದ 7 ದಿನ. ಎರಡರಲ್ಲಿ ಹೃದಯದ ರೋಗಿಗೆ ಸೆಫ್ಟ್ರಿಯಾಕ್ಸೋನ್ ಅನುಕೂಲ: ದಿನಕ್ಕೆ ಒಂದೇ ಬಾರಿ ಎಂದರೆ ಒಳಹೋಗುವ ನೀರೂ ಉಪ್ಪೂ ಕಡಿಮೆ. 2 ಗ್ರಾಂ ಸೆಫ್ಟ್ರಿಯಾಕ್ಸೋನ್‌ನಲ್ಲಿ ಸೋಡಿಯಂ ಸುಮಾರು 166 ಮಿ.ಗ್ರಾಂ, 6 ಗ್ರಾಂ ಸೆಫೊಟ್ಯಾಕ್ಸಿಮ್‌ನಲ್ಲಿ ಸುಮಾರು 300. ರಿಂಗರ್ ಲ್ಯಾಕ್ಟೇಟ್ ಓಡುತ್ತಿರುವ ಲೈನಿನಲ್ಲಿ ಸೆಫ್ಟ್ರಿಯಾಕ್ಸೋನ್ ಹಾಕಬೇಡಿ, ಕ್ಯಾಲ್ಸಿಯಂ ಜೊತೆ ಗಟ್ಟಿಯಾಗುತ್ತದೆ.

ಆಸ್ಪತ್ರೆಯಲ್ಲಿ ಇದ್ದಾಗಲೇ ಸೋಂಕು ಬಂದಿದ್ದರೆ, ಅಥವಾ ಹಿಂದಿನ ವಾರಗಳಲ್ಲಿ ಆಂಟಿಬಯೋಟಿಕ್ ಆಗಿದ್ದರೆ ಈ ಗುಂಪು ಸಾಲದೆ ಹೋಗಬಹುದು. ನಮ್ಮಲ್ಲಿ ಸೆಫಲೊಸ್ಪೊರಿನ್‌ಗೆ ಬಗ್ಗದ ಇ. ಕೋಲಿ ಸಾಮಾನ್ಯ. ಆಗ ಪಿಪೆರಾಸಿಲಿನ್-ಟ್ಯಾಜೊಬ್ಯಾಕ್ಟಮ್ ಅಥವಾ ಮೆರೊಪೆನೆಮ್, ಆಯಾ ಆಸ್ಪತ್ರೆಯ ಕಲ್ಚರ್ ಚಿತ್ರ ನೋಡಿಕೊಂಡು. ಇಲ್ಲೊಂದು ಲೆಕ್ಕ ನೋಡಿ. ಪಿಪೆರಾಸಿಲಿನ್-ಟ್ಯಾಜೊಬ್ಯಾಕ್ಟಮ್ 4.5 ಗ್ರಾಂ ವಯಲ್‌ನಲ್ಲಿ ಸೋಡಿಯಂ ಸುಮಾರು 220ರಿಂದ 260 ಮಿ.ಗ್ರಾಂ. ಅದನ್ನು 100 ಮಿ.ಲೀ. ನಾರ್ಮಲ್ ಸಲೈನ್‌ನಲ್ಲಿ ಕಲಸಿದರೆ ಆ ಸಲೈನ್‌ನದ್ದೇ ಇನ್ನೊಂದು 354. ದಿನಕ್ಕೆ ನಾಲ್ಕು ಬಾರಿ ಕೊಟ್ಟರೆ ಒಟ್ಟು ಸುಮಾರು 2.4 ಗ್ರಾಂ ಸೋಡಿಯಂ. ಊಟದಲ್ಲಿ 2 ಗ್ರಾಂ ದಾಟಬೇಡಿ ಎಂದು ಡಯಟ್ ಚೀಟಿ ಬರೆದುಕೊಟ್ಟ ರೋಗಿಗೆ ಔಷಧದಲ್ಲೇ ಅದಕ್ಕಿಂತ ಹೆಚ್ಚು ಹೋಯಿತು. ಸೋಂಕು ಇಳಿಯುತ್ತಿದ್ದರೂ ರೋಗಿ ಏಕೆ ಊದುತ್ತಿದ್ದಾರೆ ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇರಬಹುದು. 5 ಶೇಕಡ ಡೆಕ್ಸ್‌ಟ್ರೋಸ್‌ನಲ್ಲಿ ಕಲಸಿದರೆ ಅರ್ಧಕ್ಕಿಂತ ಹೆಚ್ಚು ಉಳಿಯುತ್ತದೆ; ಸಕ್ಕರೆ ಕಾಯಿಲೆ ಇದ್ದರೆ ಶುಗರ್ ನೋಡಿಕೊಳ್ಳಿ. ಮೆರೊಪೆನೆಮ್ ಮಾತ್ರ ಡೆಕ್ಸ್‌ಟ್ರೋಸ್‌ನಲ್ಲಿ ಬೇಗ ಕೆಡುತ್ತದೆ, ಅದಕ್ಕೆ ಸಲೈನೇ ಬೇಕು.

ಅಮಿಕಾಸಿನ್, ಜೆಂಟಾಮೈಸಿನ್ ಬೇಡ. ಮೂತ್ರಪಿಂಡ ಈಗಾಗಲೇ ಅಂಚಿನಲ್ಲಿದೆ, ಜೊತೆಗೆ ಲ್ಯಾಸಿಕ್ಸ್ ಇದೆ, ಕಿವಿಗೂ ಹಾನಿ. ಮೂತ್ರಪಿಂಡ ಕುಸಿದರೆ ಹೃದಯದ ಮಾತ್ರೆ ಡಿಗಾಕ್ಸಿನ್ ಮೈಯಲ್ಲೇ ಉಳಿದು ವಿಷವಾಗುತ್ತದೆ. ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್ ಹೃದಯದ ಬಡಿತ ಸರಿಪಡಿಸುವ ಅಮಿಯೊಡರೋನ್ ಜೊತೆ ಸೇರಿದರೆ ಇಸಿಜಿಯಲ್ಲಿ ಕ್ಯೂಟಿ ಉದ್ದವಾಗಿ ಅಪಾಯದ ಬಡಿತ ಹುಟ್ಟಬಹುದು. ಕೋಟ್ರೈಮಾಕ್ಸಜೋಲ್, ಸ್ಪೈರೊನೊಲ್ಯಾಕ್ಟೋನ್, ರಾಮಿಪ್ರಿಲ್ ಗುಂಪು, ಮೂರೂ ಕೂಡಿದರೆ ಪೊಟ್ಯಾಸಿಯಂ ಏರುತ್ತದೆ. ಮೆಟ್ರೊನಿಡಜೋಲ್ ಎಸ್‌ಬಿಪಿಗೆ ಬೇಕಿಲ್ಲ. ಹೊಟ್ಟೆನೀರಿನಲ್ಲಿ ಆಮ್ಲಜನಕ ಇರುವುದರಿಂದ ಅದು ಕೊಲ್ಲುವ ಬಗೆಯ ಬ್ಯಾಕ್ಟೀರಿಯಾ ಅಲ್ಲಿ ಬೆಳೆಯುವುದು ಅಪರೂಪ. ಕರುಳು ತೂತಾಗಿದ್ದರೆ ಬೇಕು. ಬೇಡದ ಕಡೆ ಸೇರಿಸಿದರೆ ಅಸಿಟ್ರೋಮ್ ಮೇಲಿರುವವರ ಐಎನ್‌ಆರ್ ಜಿಗಿಯುತ್ತದೆ. ಯಾವ ಆಂಟಿಬಯೋಟಿಕ್ ಆದರೂ ಶುರುವಾದ ಮೂರನೇ ದಿನದೊಳಗೆ ಐಎನ್‌ಆರ್ ಮತ್ತೆ ನೋಡಿ.

48 ಗಂಟೆಗೆ ಮತ್ತೊಂದು ಸ್ಯಾಂಪಲ್. ನ್ಯೂಟ್ರೋಫಿಲ್ ಕನಿಷ್ಠ ಕಾಲುಭಾಗ ಇಳಿದಿರಬೇಕು. ಇಳಿದಿಲ್ಲವೆಂದರೆ ಔಷಧ ತಪ್ಪು, ಇಲ್ಲವೇ ಕಾಯಿಲೆಯ ಹೆಸರು ತಪ್ಪು. ಸಿಟಿ ಇನ್ನೂ ಆಗಿಲ್ಲದಿದ್ದರೆ ಆಗ ಮಾಡಿಸಲೇಬೇಕು.

ಆಲ್ಬುಮಿನ್: ಇಲ್ಲಿ ಲಿವರ್ ನಿಯಮ ಬಿಡಿ

ಸಿರೋಸಿಸ್ ರೋಗಿಗೆ ಎಸ್‌ಬಿಪಿ ಆದರೆ ಆಂಟಿಬಯೋಟಿಕ್ ಜೊತೆ ಆಲ್ಬುಮಿನ್: ಮೊದಲ ದಿನ ಕಿಲೋಗೆ 1.5 ಗ್ರಾಂ, ಮೂರನೇ ದಿನ ಕಿಲೋಗೆ 1 ಗ್ರಾಂ. 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದರಿಂದ ಮೂತ್ರಪಿಂಡ ಕೆಡುವುದು 33 ಶೇಕಡದಿಂದ 10ಕ್ಕೆ ಇಳಿಯಿತು, ಸಾವೂ ಕಡಿಮೆಯಾಯಿತು. ಅಂಥ ಫಲಿತಾಂಶ ಕಂಡಮೇಲೆ ಎಲ್ಲರಿಗೂ ಕೊಡೋಣ ಅನಿಸುವುದು ಸಹಜ.

60 ಕಿಲೋ ತೂಕದ ಹೃದಯದ ರೋಗಿಗೆ ಲೆಕ್ಕ ಹಾಕಿ. ಮೊದಲ ದಿನ 90 ಗ್ರಾಂ, ಅಂದರೆ 20 ಶೇಕಡದ 100 ಮಿ.ಲೀ. ಬಾಟ್ಲಿ ನಾಲ್ಕೂವರೆ. ಈ 450 ಮಿ.ಲೀ. ರಕ್ತನಾಳಕ್ಕೆ ಇಳಿದು ತನ್ನ ಗಾತ್ರಕ್ಕಿಂತ ಹೆಚ್ಚು ನೀರನ್ನು ಒಳಕ್ಕೆ ಎಳೆಯುತ್ತದೆ. ಸಿರೋಸಿಸ್‌ನಲ್ಲಿ ರಕ್ತನಾಳ ಸಡಿಲವಾಗಿ ಒಳಗೆ ರಕ್ತ ಸಾಲದು, ಅದಕ್ಕೆ ಅದು ವರ. ಹೃದಯ ವೈಫಲ್ಯದಲ್ಲಿ ರಕ್ತನಾಳ ಆಗಲೇ ತುಂಬಿ ಕತ್ತಿನ ಸಿರೆ ಉಬ್ಬಿದೆ, ಆ ಹೆಚ್ಚುವರಿ ನೀರು ನೇರ ಶ್ವಾಸಕೋಶಕ್ಕೆ. ಸಿರೋಸಿಸ್ ರೋಗಿಗಳಲ್ಲೇ ದಿನದಿನ ಆಲ್ಬುಮಿನ್ ಕೊಟ್ಟು ನೋಡಿದ 2021ರ ಅಟೈರ್ ಅಧ್ಯಯನದಲ್ಲಿ ಶ್ವಾಸಕೋಶಕ್ಕೆ ನೀರು ತುಂಬುವುದು ಹೆಚ್ಚಾಯಿತು. ಹೃದಯದ ರೋಗಿಗೆ ಈ ಡೋಸ್ ಕಣ್ಣುಮುಚ್ಚಿ ಕೊಡಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಲಿವರ್ ಗಟ್ಟಿಯಾಗಿ, ನೀರಿನ ಪ್ರೋಟೀನ್ ಕಡಿಮೆಯಾಗಿ, ಎಕೋದಲ್ಲಿ ದೊಡ್ಡ ಸಿರೆ ಖಾಲಿಯಾಗಿ ಕಂಡು, ಕ್ರಿಯಾಟಿನಿನ್ ಏರುತ್ತಿರುವ ರೋಗಿಗೆ ಮಾತ್ರ 20 ಗ್ರಾಂನಂತೆ ನಿಧಾನಕ್ಕೆ, ಪ್ರತಿ ಬಾಟ್ಲಿಯ ನಂತರ ಉಸಿರು, ಆಮ್ಲಜನಕ, ಕತ್ತಿನ ಸಿರೆ ನೋಡಿಕೊಂಡು ಕೊಡುವುದು ಸರಿ.

ಬಿಪಿ ಬಿದ್ದಾಗಲೂ ಇದೇ ಮಾತು. ಸೆಪ್ಸಿಸ್ (ಸೋಂಕು ಮೈಯನ್ನೆಲ್ಲ ಕೆಡಿಸುವ ಸ್ಥಿತಿ) ನಿಯಮದಂತೆ ಸಿರೆಗೆ ಕೊಡುವ ದ್ರವ ಕಿಲೋಗೆ 30 ಮಿ.ಲೀ. ಎಂದರೆ ಇವರಿಗೆ 1.8 ಲೀಟರ್. 250 ಮಿ.ಲೀ. ಕೊಟ್ಟು ನೋಡಿ, ಬಿಪಿ ಏರದಿದ್ದರೆ ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಬೇಗ ಶುರು ಮಾಡಿ. ಸೋಂಕು ಇರುವಷ್ಟು ದಿನ ಬಿಪಿ ಇಳಿಸುವ ಮಾತ್ರೆಗಳನ್ನು ತಡೆಹಿಡಿಯುವುದು, ಬೀಟಾ ಬ್ಲಾಕರ್ ತಗ್ಗಿಸುವುದು, ಊಟವಿಲ್ಲದವರಿಗೆ ಡಪಾಗ್ಲಿಫ್ಲೋಜಿನ್ ನಿಲ್ಲಿಸುವುದು ಆ ಹೊತ್ತಿನ ನಿರ್ಧಾರಗಳು. ಯಾವುದನ್ನು ನಿಲ್ಲಿಸಿದಿರಿ, ಯಾವಾಗ ಮತ್ತೆ ಶುರು ಎಂದು ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿರಲೇಬೇಕು. ಅಲ್ಲಿ ಬರೆಯದೆ ಬಿಟ್ಟರೆ ಆ ಮಾತ್ರೆ ಮರಳಿ ಬರುವುದೇ ಇಲ್ಲ.

ಮತ್ತೆ ಸೋಂಕು ಬಾರದಂತೆ ನಾರ್‌ಫ್ಲಾಕ್ಸಸಿನ್ 400 ಮಿ.ಗ್ರಾಂ ದಿನವೂ ಎಂಬುದು ಸಿರೋಸಿಸ್ ನಿಯಮ. ಪ್ರೋಟೀನ್ 2.5ರ ಮೇಲಿರುವ ಹೃದಯದ ರೋಗಿಗೆ ಇದಕ್ಕೆ ಆಧಾರವಿಲ್ಲ, ಕ್ಯೂಟಿ ಮತ್ತು ಐಎನ್‌ಆರ್ ತೊಂದರೆ ಮಾತ್ರ ಖಾಯಂ. ಅವರಿಗೆ ನೀರು ಒಣಗಿಸುವುದೇ ತಡೆ: ಸರಿಯಾದ ಡೋಸಿನ ಮೂತ್ರದ ಮಾತ್ರೆ, ಉಪ್ಪಿನಕಾಯಿ ಹಪ್ಪಳ ಬಿಟ್ಟ ಊಟ, ದಿನಾ ಬೆಳಿಗ್ಗೆ ಮೂತ್ರ ಮಾಡಿದ ಮೇಲೆ ತೂಕ, ಆಪರೇಷನ್‌ಗೆ ಬರುವ ಕವಾಟವಾದರೆ ಆಪರೇಷನ್.

ಕ್ಷಯವನ್ನು ಕೊನೆಗೆ ಇಟ್ಟದ್ದು ಬೇಕೆಂದೇ

ಹೃದಯದ ಹೊರಪೊರೆಗೆ ಕ್ಷಯ ತಗುಲಿ ಅದು ಗಟ್ಟಿಯಾಗುವುದು ನಮ್ಮ ದೇಶದಲ್ಲಿ ಇಂದಿಗೂ ಕಾಣುವ ಕಾಯಿಲೆ. ಕಾಲಿಗಿಂತ ಮೊದಲು ಹೊಟ್ಟೆ ಊದುವುದು ಇದರ ಗುರುತು. ಕತ್ತಿನ ಸಿರೆ ನೋಡದೆ ಲಿವರ್ ಕಾಯಿಲೆ ಎಂದು ವರ್ಷಗಟ್ಟಲೆ ಚಿಕಿತ್ಸೆ ನಡೆದಿರುವ ರೋಗಿಗಳಿದ್ದಾರೆ. ಇವರ ಹೊಟ್ಟೆಯಲ್ಲಿ ಒತ್ತಡದ ನೀರು, ಕ್ಷಯದ ನೀರು ಎರಡೂ ಬೆರೆತಿರಬಹುದು. ಆಗ ಸಾಗ್ 1.1ರ ಮೇಲಿದ್ದು ಕ್ಷಯ ಇಲ್ಲವೆಂಬಂತೆ ಮರೆಮಾಚುತ್ತದೆ. ಪ್ರೋಟೀನ್ ಎರಡರಲ್ಲೂ ಹೆಚ್ಚು, ಲಿಂಫೋಸೈಟ್ ಎರಡರಲ್ಲೂ ಹೆಚ್ಚು.

ಆದ್ದರಿಂದ ಇಲ್ಲಿ ಎಡಿಎ ನೋಡಬೇಕು. 39 ಯೂನಿಟ್‌ನ ಆಸುಪಾಸು ಅಥವಾ ಮೇಲಿದ್ದರೆ ಕ್ಷಯದ ಅನುಮಾನ ಬಲವಾಗುತ್ತದೆ. ನೀರಿನ ಸ್ಮಿಯರ್‌ನಲ್ಲಿ ಕ್ಷಯದ ಬ್ಯಾಕ್ಟೀರಿಯಾ ಸಿಗುವುದು ತೀರ ಅಪರೂಪ. ಕ್ಷಯದ ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಸಿಬಿನ್ಯಾಟ್, ಟ್ರೂನ್ಯಾಟ್ ಪಾಸಿಟಿವ್ ಬಂದರೆ ನಂಬಿ. ನೆಗೆಟಿವ್ ಬಂದರೆ ಕ್ಷಯವಿಲ್ಲ ಎಂದು ತೀರ್ಮಾನಿಸಬೇಡಿ, ನೀರಿನಲ್ಲಿ ಬ್ಯಾಕ್ಟೀರಿಯಾ ಕಡಿಮೆ. ಖಚಿತವಾಗಬೇಕೆಂದರೆ ಲ್ಯಾಪರೊಸ್ಕೋಪಿ ಮಾಡಿ ಪೊರೆಯ ತುಣುಕು ತೆಗೆಯಬೇಕು. ಸೋತ ಹೃದಯಕ್ಕೆ ಅರಿವಳಿಕೆ ಕೊಡಬಹುದೇ ಎಂಬುದನ್ನು ಮೊದಲು ತೂಗಬೇಕು. ಆಗದಿದ್ದರೆ ಎಡಿಎ, ಸಿಟಿಯಲ್ಲಿ ಪೊರೆ ದಪ್ಪಗಾಗಿರುವುದು, ಎದೆಯ ಎಕ್ಸ್‌ರೇ, ಹೊರಪೊರೆಯ ಎಕೋ, ಇವನ್ನೆಲ್ಲ ಕೂಡಿಸಿ ನಿರ್ಧರಿಸುತ್ತಾರೆ.

ಔಷಧ ಆರು ತಿಂಗಳು, ಸರ್ಕಾರಿ ಕ್ಷಯ ಕಾರ್ಯಕ್ರಮದಲ್ಲಿ ಉಚಿತ. ರಕ್ತ ಕಟ್ಟಿದ ಲಿವರ್ ಆದ್ದರಿಂದ ಶುರು ಮಾಡುವ ಮುಂಚೆ ಲಿವರ್ ಟೆಸ್ಟ್ ಮಾಡಿಸಿ ಬರೆದಿಡಿ, ಆಮೇಲೆ ಹೋಲಿಸಲು ಬೇಕಾಗುತ್ತದೆ.

ಹೃದಯದ ರೋಗಿಗೆ ಇದರಲ್ಲಿ ಅಡಗಿರುವ ಅಪಾಯ ಕ್ಷಯದ ಔಷಧಗಳಲ್ಲೊಂದಾದ ರಿಫಾಂಪಿಸಿನ್. ಅದು ಲಿವರಿನ ಕಿಣ್ವಗಳನ್ನು ಚುರುಕುಗೊಳಿಸಿ ಅಸಿಟ್ರೋಮ್, ವಾರ್ಫರಿನ್‌ಗಳನ್ನು ಬೇಗ ಕರಗಿಸಿಬಿಡುತ್ತದೆ. ಡಿಗಾಕ್ಸಿನ್, ಮೆಟೊಪ್ರೊಲಾಲ್‌ನ ಮಟ್ಟವೂ ಇಳಿಯುತ್ತದೆ. ಒಂದೆರಡು ವಾರದಲ್ಲಿ ಐಎನ್‌ಆರ್ ಕುಸಿದು ಕೃತಕ ಕವಾಟದ ಮೇಲೆ ಹೆಪ್ಪು ಕೂರಬಹುದು. ಮನೆಯವರಿಗೆ ಗೊತ್ತಾಗುವುದು ಕವಾಟದ ಟಿಕ್ ಟಿಕ್ ಸದ್ದು ಮಂಕಾದಾಗ ಅಥವಾ ಉಸಿರು ಕಟ್ಟಿದಾಗ, ಅಷ್ಟರಲ್ಲಿ ತಡವಾಗಿರುತ್ತದೆ. ಮೊದಲ ಎರಡು ತಿಂಗಳು ವಾರಕ್ಕೊಮ್ಮೆಯಾದರೂ ಐಎನ್‌ಆರ್ ಬೇಕು, ಡೋಸ್ ಎರಡು ಮೂರು ಪಟ್ಟು ಏರಿಸಬೇಕಾಗಿ ಬರುವುದೂ ಉಂಟು. ಆರು ತಿಂಗಳಾಗಿ ಕ್ಷಯದ ಮಾತ್ರೆ ಮುಗಿದ ದಿನ ಎಲ್ಲರೂ ನಿರಾಳರಾಗುತ್ತಾರೆ. ಆದರೆ ಏರಿಸಿದ ಅಸಿಟ್ರೋಮ್ ಡೋಸ್ ಹಾಗೇ ಮುಂದುವರಿದರೆ, ಕಿಣ್ವಗಳ ಚುರುಕು ಇಳಿಯುವ ಎರಡು ಮೂರು ವಾರದಲ್ಲಿ ಐಎನ್‌ಆರ್ ಮಿತಿ ಮೀರಿ ರಕ್ತಸ್ರಾವವಾಗಬಹುದು. ಕೊನೆಯ ಸ್ಟ್ರಿಪ್ ಪಡೆಯಲು ಹೋದ ದಿನವೇ ಮುಂದಿನ ನಾಲ್ಕು ವಾರದ ಐಎನ್‌ಆರ್ ತಾರೀಖುಗಳನ್ನು ಬರೆಸಿಕೊಂಡು ಬನ್ನಿ.